ಮನೆಯ ಕಾರಿನ ಮುಪ್ಪು

ಹೊಸ ಕಾರು ಮನೆಗೆ ಬಂದ ದಿನ ಚಕ್ರದಡಿಯಲ್ಲಿ ನಿಂಬೆಹಣ್ಣಿಟ್ಟು, ಹೂವು ಕುಂಕುಮ ಏರಿಸಿ, ಅದನ್ನು ಕುಟುಂಬಕ್ಕೆ ಸೇರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅದೇ ಕಾರಿನ ವಿಷಯದಲ್ಲಿ ಮನೆಯವರ ಮಾತು ಬದಲಾಗುತ್ತದೆ. “ಮೊನ್ನೆ ತಾನೆ ಸೆಲ್ಫ್ ರಿಪೇರಿ ಮಾಡಿಸಿದೆವು; ಈಗ ರೇಡಿಯೇಟರು ಸೋರುತ್ತಿದೆ. ಇದಕ್ಕೆ ಸುರಿದ ಹಣಕ್ಕೆ ಲೆಕ್ಕವೇ ಇಲ್ಲ” ಎಂಬ ಗೊಣಗು ಕೇಳಿಬರುತ್ತದೆ. ಅಂಬಾಸಿಡರ್ ಕಾರಿನ ತಯಾರಿಕೆಯೂ ಮಾರುತಿ ೮೦೦ರ ತಯಾರಿಕೆಯೂ ೨೦೧೪ರಲ್ಲಿಯೇ ನಿಂತವು. ಆದರೂ ಅವುಗಳನ್ನು ಜತನವಾಗಿ ಓಡಿಸುತ್ತಿರುವ ಸಂಸಾರಗಳು ಈಗಲೂ ಉಂಟು. ಒಂದನ್ನು ಸರಿಪಡಿಸಿದರೆ ಮತ್ತೊಂದು ಕೆಡುವುದೇಕೆ? ಯಾವ ರಿಪೇರಿಯನ್ನು ಮೊದಲು ಮಾಡಿಸಬೇಕು? ಕಾರನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬಹುದು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಒಂದು ಕಾರು, ಹಲವು ವಯಸ್ಸು

ಕಾರಿಗೆ ಹದಿನೈದು ವರ್ಷ ವಯಸ್ಸಾಯಿತು ಎನ್ನುತ್ತೇವೆ. ವಾಸ್ತವವಾಗಿ ಕಾರಿಗೆ ಒಂದೇ ವಯಸ್ಸು ಇರುವುದಿಲ್ಲ. ಅದರ ಬ್ಯಾಟರಿಗೆ ಎರಡು ವರ್ಷ, ಟೈರುಗಳಿಗೆ ನಾಲ್ಕು ವರ್ಷ, ಕ್ಲಚ್ ಪ್ಲೇಟಿಗೆ ಏಳು ವರ್ಷ, ದೇಹದ ತಗಡಿಗೆ ಮಾತ್ರ ಪೂರ್ತಿ ಹದಿನೈದು ವರ್ಷ ಆಗಿರಬಹುದು. ಈ ಸರಳ ಸಂಗತಿಯಲ್ಲಿಯೇ ಮೊದಲನೆಯ ಪ್ರಶ್ನೆಗೆ ಉತ್ತರವಿದೆ.

ಒಂದು ಲೆಕ್ಕ ಮಾಡಿ ನೋಡೋಣ. ಕಾರಿನಲ್ಲಿ ಕಾಲಕಾಲಕ್ಕೆ ಬದಲಾಯಿಸಬೇಕಾದ ೬೦ ಭಾಗಗಳಿವೆಯೆಂದೂ, ಪ್ರತಿಯೊಂದರ ಸರಾಸರಿ ಬಾಳಿಕೆ ೧೦ ವರ್ಷವೆಂದೂ ಇಟ್ಟುಕೊಳ್ಳಿ. ಕಾರು ಹೊಸದಾಗಿರುವಾಗ ಎಲ್ಲ ಭಾಗಗಳೂ ಹೊಸವೇ. ಆದುದರಿಂದ ಕೆಲವು ವರ್ಷ ಏನೂ ಕೆಡುವುದಿಲ್ಲ. ಅನಂತರ ಒಂದೊಂದೂ ತನ್ನ ಕಾಲ ಬಂದಾಗ ಕೆಡುತ್ತದೆ. ಅದರ ಜಾಗಕ್ಕೆ ಹೊಸದು ಬರುತ್ತದೆ. ಹೀಗೆ ಭಾಗಗಳ ವಯಸ್ಸುಗಳು ಕಲಸಿಹೋದ ಮೇಲೆ ವರ್ಷಕ್ಕೆ ಸರಾಸರಿ ೬ ರಿಪೇರಿ, ಅಂದರೆ ಎರಡು ತಿಂಗಳಿಗೊಂದು, ಬಂದೇ ಬರುತ್ತದೆ. ಮೊನ್ನೆಯ ರಿಪೇರಿಗೂ ಇಂದಿನದಕ್ಕೂ ಸಂಬಂಧವಿರಬೇಕೆಂದೇನೂ ಇಲ್ಲ; ಮೆಕ್ಯಾನಿಕ್ ಮೋಸ ಮಾಡಿದನೆಂದೂ ಅಲ್ಲ. ಅರವತ್ತು ಗಡಿಯಾರಗಳು ಬೇರೆಬೇರೆ ಹೊತ್ತಿಗೆ ಗಂಟೆ ಹೊಡೆದರೆ ಕೇಳುವವನಿಗೆ ಸದಾ ಗಂಟೆಯೇ ಕೇಳಿಸುವುದಲ್ಲವೆ?

ಭಾಗಗಳ ಸಂಖ್ಯೆ ಹೆಚ್ಚಿದಷ್ಟೂ ಒಟ್ಟು ಯಂತ್ರದ ಮೇಲಿನ ಭರವಸೆ ಕುಗ್ಗುತ್ತದೆಂಬುದು ಇನ್ನೊಂದು ನಿಯಮ. ಒಂದು ಭಾಗವು ವರ್ಷವೊಂದನ್ನು ಕೆಡದೆ ಕಳೆಯುವ ಸಂಭವ ಸಾವಿರಕ್ಕೆ ೯೯೯ ಇರಲಿ. ಇದು ಬಹಳ ಒಳ್ಳೆಯ ಭಾಗವೆಂದೇ ಹೇಳಬೇಕು. ಆದರೆ ಇಂಥ ಸಾವಿರ ಭಾಗಗಳು ಸೇರಿದ ಯಂತ್ರದಲ್ಲಿ ಒಂದೂ ಕೆಡದೆ ವರ್ಷ ಕಳೆಯುವ ಸಂಭವ ನೂರಕ್ಕೆ ಸುಮಾರು ೩೭ ಮಾತ್ರ. ಏನೂ ಕೆಡದ ಕಾರನ್ನು ಬಯಸುವುದು ಗಣಿತಕ್ಕೆ ಒಪ್ಪದ ಬಯಕೆ. ಏನು ಕೆಟ್ಟರೆ ಏನಾಗುವುದೆಂಬುದನ್ನು ಅರಿತಿರುವುದು ನಮ್ಮ ಕೈಯಲ್ಲಿರುವ ಕೆಲಸ.

ಮುಪ್ಪು ಬರುವ ದಾರಿಗಳು

ಯಂತ್ರಕ್ಕೆ ಮುಪ್ಪು ಮುಖ್ಯವಾಗಿ ನಾಲ್ಕು ದಾರಿಗಳಿಂದ ಬರುತ್ತದೆ. ಮೊದಲನೆಯದು ಸವೆತ. ಎರಡು ಮೈಗಳು ಒಂದನ್ನೊಂದು ಉಜ್ಜುವಲ್ಲೆಲ್ಲ ಇದು ಉಂಟು. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು, ಬೇರಿಂಗು ಇವು ಸವೆಯುವುದು ಓಡಿದ ದೂರಕ್ಕೂ ಓಡಿಸುವ ರೀತಿಗೂ ತಕ್ಕಂತೆ.

ಎರಡನೆಯದು ಲೋಹದ ದಣಿವು. ತಂತಿಯೊಂದನ್ನು ಒಂದೇ ಸಲ ಎಳೆದು ಹರಿಯುವುದು ಕಷ್ಟ. ಅದನ್ನೇ ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿದರೆ ಸುಲಭವಾಗಿ ತುಂಡಾಗುತ್ತದೆ. ೧೮೪೨ರಲ್ಲಿ ಫ್ರಾನ್ಸಿನ ವರ್ಸೈಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಸತ್ತ ದುರಂತವು ವಿದ್ವಾಂಸರ ಗಮನವನ್ನು ಈ ಕಡೆಗೆ ತಿರುಗಿಸಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರು ಅನೇಕ ವರ್ಷ ಪ್ರಯೋಗ ನಡೆಸಿ, ಲೋಹವು ಒಂದೇ ಸಲಕ್ಕೆ ತಡೆಯಬಲ್ಲ ಭಾರಕ್ಕಿಂತ ಎಷ್ಟೋ ಕಡಮೆ ಭಾರವು ಮರಳಿ ಮರಳಿ ಬಿದ್ದರೂ ಅದು ಬಿರಿಯಬಲ್ಲದೆಂದು ತೋರಿಸಿದನು. ನಮ್ಮ ರಸ್ತೆಗಳ ಪ್ರತಿಯೊಂದು ಗುಂಡಿಯೂ ಕಾರಿನ ಸ್ಪ್ರಿಂಗಿಗೆ ಅಂಥ ಒಂದು ಪೆಟ್ಟು.

ಮೂರನೆಯದು ತುಕ್ಕು. ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಕೂಡಿ ತುಕ್ಕಾಗುತ್ತದೆ. ಉಪ್ಪು ಬೆರೆತ ತೇವದಲ್ಲಿ ಈ ಕ್ರಿಯೆ ಬಹು ಬೇಗ ಸಾಗುತ್ತದೆ. ಉಡುಪಿ, ಕಾರವಾರಗಳ ಕಡಲಗಾಳಿಯಲ್ಲಿ ನಿಂತ ಕಾರಿನ ತಗಡು ಬಳ್ಳಾರಿಯ ಒಣಹವೆಯಲ್ಲಿ ನಿಂತ ಕಾರಿನದಕ್ಕಿಂತ ಬೇಗ ತಿನ್ನಿಸಿಕೊಳ್ಳುವುದು ಇದರಿಂದಲೇ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಾಗಿಲಿನ ಅಂಚಿನಲ್ಲಿ ಬಣ್ಣದ ಗುಳ್ಳೆ ಕಂಡರೆ ಒಳಗೆ ಕೆಲಸ ಬಹಳ ಮುಂದುವರಿದಿದೆಯೆಂದು ತಿಳಿಯಬೇಕು.

ನಾಲ್ಕನೆಯದು ರಬ್ಬರು, ಪ್ಲಾಸ್ಟಿಕ್ಕು ಮತ್ತು ದ್ರವಗಳ ಮುಪ್ಪು. ಶಾಖ, ಆಮ್ಲಜನಕ, ಓಜೋನುಗಳಿಂದ ರಬ್ಬರು ಗಡಸಾಗಿ ಬಿರಿಯುತ್ತದೆ. ಉಷ್ಣತೆ ೧೦ ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ಲೆಕ್ಕ. ಆದುದರಿಂದ ಎಂಜಿನ್ನಿನ ಪಕ್ಕದ ಹೋಸ್ ಪೈಪು ಡಿಕ್ಕಿಯಲ್ಲಿರುವ ರಬ್ಬರಿಗಿಂತ ಎಷ್ಟೋ ಬೇಗ ಮುದಿಯಾಗುತ್ತದೆ.

ಈ ನಾಲ್ಕರಲ್ಲಿ ಮೊದಲಿನ ಎರಡು ಕಿಲೋಮೀಟರನ್ನು ಎಣಿಸುತ್ತವೆ. ಕೊನೆಯ ಎರಡು ಕ್ಯಾಲೆಂಡರನ್ನು ಎಣಿಸುತ್ತವೆ. “ನಮ್ಮ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡುವುದಿಲ್ಲ, ಅದಕ್ಕೇನಾಗುತ್ತದೆ?” ಎಂದು ನಂಬಿ ಕುಳಿತವರು ಮೋಸಹೋಗುವುದು ಇಲ್ಲಿಯೇ. ನಾವೂ ಹಾಗೆಯೇ ಮೋಸಹೋದವರು.

ಘಾಟಿಯಲ್ಲಿ ಕಲಿತ ಪಾಠ

ಉಡುಪಿಯಲ್ಲಿದ್ದ ನಮ್ಮ ಮನೆಯ ಕಾರು ೨೦೦೪ರಲ್ಲಿ ಕೊಂಡದ್ದು. ೨೦೧೫ರ ಅಕ್ಟೋಬರಿನಲ್ಲಿ ಮೂಡಿಗೆರೆಯ ನೆಂಟರ ಮನೆಯಿಂದ ಚಾರ್ಮಾಡಿ ಘಾಟಿಯ ದಾರಿಯಾಗಿ ಇಳಿದು ಬರುತ್ತಿದ್ದೆವು. ಕಾರಿನಲ್ಲಿ ಐದು ಜನ. ಮುಂದೆ ಲಾರಿಗಳಿದ್ದುದರಿಂದ ಬ್ರೇಕಿನ ಮೇಲೆ ಕಾಲಿಟ್ಟೇ ಅರ್ಧ ಘಾಟಿ ಇಳಿದಿದ್ದೆವು. ಒಂದು ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಪೆಡಲು ಯಾವ ತಡೆಯೂ ಇಲ್ಲದೆ ಮೆತ್ತಗೆ ತಳಕ್ಕೆ ಹೋಯಿತು. ಗೇರನ್ನು ಎರಡಕ್ಕೂ ಅನಂತರ ಒಂದಕ್ಕೂ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ತಾಗಿಸಿ ನಿಲ್ಲಿಸಿದೆವು. ಯಾರಿಗೂ ಗಾಯವಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಕ್ಕಳಿಗೆ ನಡೆದದ್ದು ತಿಳಿಯಲೇ ಇಲ್ಲ.

ಅರ್ಧ ಗಂಟೆಯ ಮೇಲೆ ಪೆಡಲನ್ನು ಒತ್ತಿ ನೋಡಿದರೆ ಅದು ಮೊದಲಿನಂತೆ ಗಟ್ಟಿಯಾಗಿತ್ತು! ನಮಗೆ ಭಯವಾದದ್ದು ಆಗ. ಇದರ ಕಾರಣವನ್ನು ವಾಚಕರು ಗಮನವಿಟ್ಟು ನೋಡಬೇಕು.

ಸಾವಿರ ಕಿಲೋಗ್ರಾಮು ತೂಕದ ಕಾರು ೬೦೦ ಮೀಟರು ಎತ್ತರದಿಂದ ಇಳಿದರೆ ಸುಮಾರು ೫೯ ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು ೩೦ ಡಿಗ್ರಿಯ ೨೦ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖ. ಕಾರನ್ನು ಬ್ರೇಕಿನಿಂದಲೇ ತಡೆಯುತ್ತ ಇಳಿದರೆ ಈ ಶಾಖದ ಬಹುಭಾಗ ಬ್ರೇಕುಗಳಲ್ಲಿಯೇ ಹುಟ್ಟುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನು ಅದರಲ್ಲಿ ದೊಡ್ಡ ಪಾಲನ್ನು ಹೊರುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನ ತಿರುಳು ಇದೇ.

ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ. ದ್ರವಗಳು ಒತ್ತಿದರೆ ಕುಗ್ಗುವುದಿಲ್ಲ. ಆದುದರಿಂದಲೇ ಪೆಡಲು ಗಟ್ಟಿಯಾಗಿರುತ್ತದೆ. ಸಾಮಾನ್ಯವಾಗಿ ಬಳಸುವ ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ ೩ ಎಂಬ ದರ್ಜೆಯ ದ್ರವವು ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು, ನೂರಕ್ಕೆ ೩.೭ರಷ್ಟು ನೀರು ಸೇರಿದ ಮೇಲೆ ಅದಕ್ಕೆ ವಿಧಿಸಿರುವ ಮಿತಿ ೧೪೦ ಡಿಗ್ರಿ ಮಾತ್ರ. ಕಾದ ಬ್ರೇಕಿನ ಬಳಿ ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯು ಒತ್ತಿದರೆ ಕುಗ್ಗುತ್ತದೆ. ಪೆಡಲು ತಳಕ್ಕೆ ಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ನಮ್ಮಲ್ಲಿ ಹ್ಯಾಂಡ್ ಬ್ರೇಕು ಉಳಿಸಿತು. ಏಕೆಂದರೆ ಅದು ದ್ರವದಿಂದಲ್ಲ, ಕೇಬಲಿನಿಂದ ಎಳೆಯಲ್ಪಡುವಂಥದು.

ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಿದ್ದ ಆ ದ್ರವ ನಮ್ಮ ಕಾರಿನಲ್ಲಿ ಹನ್ನೊಂದು ವರ್ಷ ಹಾಗೆಯೇ ಇತ್ತು. ಗ್ಯಾರೇಜಿನವರು ಕಡಮೆಯಾದಷ್ಟನ್ನು ತುಂಬಿಸುತ್ತಿದ್ದರು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅದೇ ವರ್ಷ ಕಿಟಕಿಯ ಕಟಕಟ ಸದ್ದನ್ನು ನಿಲ್ಲಿಸಲು ಮೂರು ಸಲ ಹಣ ಕೊಟ್ಟಿದ್ದೆವು, ಸೀಟುಗಳಿಗೆ ಹೊಸ ಕವರು ಹೊಲಿಸಿದ್ದೆವು.

ಸದ್ದು ಮಾಡುವವು, ಸುಮ್ಮನಿರುವವು

ಈ ಅನುಭವದಿಂದ ನಾವು ರಿಪೇರಿಗಳನ್ನು ಎರಡಾಗಿ ವಿಂಗಡಿಸಲು ಕಲಿತೆವು. ಕೆಲವು ಭಾಗಗಳು ಕೆಡುವ ಮೊದಲು ಸದ್ದು ಮಾಡಿಯೋ ಸತಾಯಿಸಿಯೋ ಎಚ್ಚರಿಸುತ್ತವೆ. ಬ್ಯಾಟರಿ ಮುದಿಯಾದರೆ ಬೆಳಿಗ್ಗೆ ಸೆಲ್ಫ್ ನಿಧಾನವಾಗಿ ತಿರುಗುತ್ತದೆ, ಚಕ್ರದ ಬೇರಿಂಗು ಗುಂಯ್‌ಗುಡುತ್ತದೆ, ಕ್ಲಚ್ಚು ಜಾರತೊಡಗುತ್ತದೆ. ಬೇರೆ ಕೆಲವು ಕೊನೆಯ ಗಳಿಗೆಯವರೆಗೂ ಸುಮ್ಮನಿರುತ್ತವೆ. ಕಿರಿಕಿರಿ ಕೊಡುವುದಕ್ಕೆ ಮೊದಲು ಹಣ ಹಾಕುವುದು ಮನುಷ್ಯಸ್ವಭಾವ. ಜೀವಕ್ಕೆ ಅಪಾಯ ತರುವುದಕ್ಕೆ ಮೊದಲು ಹಾಕುವುದು ವಿವೇಕ.

ಸುಮ್ಮನಿರುವ ಭಾಗಗಳಲ್ಲಿ ಬ್ರೇಕ್ ದ್ರವ ಮೊದಲನೆಯದು. ಎರಡನೆಯದು ಟೈರು. ಹೂವು ಸವೆಯದಿದ್ದರೂ ರಬ್ಬರು ಹಳತಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ: ೨೩೧೯ ಎಂದಿದ್ದರೆ ಅದು ೨೦೧೯ರ ೨೩ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ಪ್ರತಿ ವರ್ಷವೂ ತೋರಿಸಬೇಕು. ಹತ್ತು ದಾಟಿದ್ದನ್ನು ತೆಗೆದೇ ಬಿಡಬೇಕು. ಎಂದೂ ನೆಲ ಮುಟ್ಟದ ಸ್ಟೆಪ್ನಿಗೂ ಈ ಮಾತು ಅನ್ವಯಿಸುತ್ತದೆ. ಮೂರನೆಯದು ಕೆಲವು ಎಂಜಿನ್ನುಗಳಲ್ಲಿರುವ ಹಲ್ಲಿನ ಟೈಮಿಂಗ್ ಬೆಲ್ಟು. ಅದು ಹರಿದರೆ ಕವಾಟಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳಾಗಬಹುದು. ನಾಲ್ಕನೆಯದು ಸ್ಟಿಯರಿಂಗಿನ ಕೀಲುಗಳು. ಇವುಗಳಲ್ಲಿ ಸಡಿಲು ಇದೆಯೇ ಎಂದು ಕಾರನ್ನು ಎತ್ತಿ ಚಕ್ರವನ್ನು ಅಲುಗಾಡಿಸಿಯೇ ನೋಡಬೇಕು.

ರೇಡಿಯೇಟರಿನ ವಿಷಯದಲ್ಲಿ ಒಂದು ಮಾತು. ಕೊಳವೆಬಾವಿಯ ಗಡಸು ನೀರನ್ನು ತುಂಬಿದರೆ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂತೆ ಒಳಗೆ ಸುಣ್ಣದ ಪದರ ಕಟ್ಟಿ ಶಾಖ ಹೊರಹೋಗಲು ಅಡ್ಡಿಯಾಗುತ್ತದೆ. ಕೂಲೆಂಟು ತುಕ್ಕನ್ನು ತಡೆಯುವ ಮದ್ದನ್ನೂ ಒಳಗೊಂಡಿರುತ್ತದೆ. ಆ ಮದ್ದು ಕೆಲವು ವರ್ಷಗಳಲ್ಲಿ ತೀರಿಹೋಗುವುದರಿಂದ ಕಾಲಕಾಲಕ್ಕೆ ಅದನ್ನು ಬದಲಾಯಿಸಬೇಕು. ಕಾದಿರುವಾಗ ಮುಚ್ಚಳವನ್ನು ತೆರೆಯಲೇಬಾರದು. ಅದು ಪ್ರೆಷರ್ ಕುಕ್ಕರಿನಂತೆ ಒತ್ತಡದಲ್ಲಿರುತ್ತದೆ. ತೆರೆದೊಡನೆ ನೂರು ಡಿಗ್ರಿಗಿಂತ ಹೆಚ್ಚು ಕಾದ ನೀರು ಒಮ್ಮೆಲೇ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ.

ಇವೆಲ್ಲಕ್ಕೂ ಬೇಕಾದದ್ದು ಒಂದು ನೋಟುಪುಸ್ತಕ. ಯಾವ ಭಾಗ ಎಂದು ಬದಲಾಯಿತು, ಆಗ ಕಾರು ಎಷ್ಟು ಓಡಿತ್ತು, ಎಷ್ಟು ಹಣವಾಯಿತು ಎಂದು ಬರೆದಿಟ್ಟರೆ ಪ್ರತಿಯೊಂದು ಭಾಗದ ನಿಜವಾದ ವಯಸ್ಸು ಕಣ್ಣಿಗೆ ಕಾಣುತ್ತದೆ.

ಯಾವಾಗ ಬೀಳ್ಕೊಡಬೇಕು?

ಭಾಗಗಳನ್ನು ಬದಲಾಯಿಸುತ್ತ ಹೋದರೆ ಕಾರು ಎಂದೆಂದಿಗೂ ಬಾಳಬೇಕಲ್ಲವೆ ಎಂದು ಕೇಳಬಹುದು. ಬದಲಾಯಿಸಬಹುದಾದ ಭಾಗಗಳ ಮಟ್ಟಿಗೆ ಇದು ಬಹುಪಾಲು ನಿಜ. ಮೇಲಿನ ಲೆಕ್ಕದಲ್ಲಿ ಕಂಡಂತೆ ಅವುಗಳ ಖರ್ಚು ಒಂದು ಮಟ್ಟಕ್ಕೇರಿ ಅಲ್ಲಿಯೇ ನಿಲ್ಲುತ್ತದೆ. ಈಗಾಗಲೇ ಸುರಿದ ಹಣವನ್ನು ನೆನೆದು ಕಾರನ್ನು ಇಟ್ಟುಕೊಳ್ಳುವುದೂ ತಪ್ಪು, ಸಿಟ್ಟಿನಿಂದ ಮಾರುವುದೂ ತಪ್ಪು. ಮುಂದಿನ ವರ್ಷದ ರಿಪೇರಿ ಖರ್ಚನ್ನು ಹೊಸ ಕಾರಿನ ಒಂದು ವರ್ಷದ ಕಂತಿನೊಡನೆ ತೂಗಿ ನೋಡಬೇಕು. ಹೀಗೆ ತೂಗಿದರೆ ಹಳೆಯ ಕಾರು ಗೆಲ್ಲುವ ಸಂದರ್ಭಗಳೇ ಹಲವು.

ಆದರೆ ಎರಡು ಮಿತಿಗಳಿವೆ. ರಿಪೇರಿಯು ಕಾರನ್ನು ಮೊದಲಿದ್ದ ಸ್ಥಿತಿಗೆ ತರಬಲ್ಲದು. ಮೊದಲೇ ಇಲ್ಲದುದನ್ನು ಕೊಡಲಾರದು. ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗು, ಚಕ್ರ ಜಾಮಾಗದಂತೆ ತಡೆಯುವ ಎ.ಬಿ.ಎಸ್. ಬ್ರೇಕು ೨೦೧೯ರಿಂದ ಕಡ್ಡಾಯವಾದವು. ಅದಕ್ಕೆ ಹಿಂದಿನ ಎಷ್ಟೋ ಕಾರುಗಳಲ್ಲಿ ಇವು ಇಲ್ಲ. ಇನ್ನೊಂದು ಮಿತಿ ಕಾರಿನ ದೇಹ. ಉಳಿದೆಲ್ಲವನ್ನೂ ಹೊತ್ತಿರುವ ಅದನ್ನು ಮಾತ್ರ ಬದಲಾಯಿಸುವಂತಿಲ್ಲ.

ನಮ್ಮ ಕಾರಿನ ಹದಿನೈದು ವರ್ಷದ ನೋಂದಣಿ ೨೦೧೯ರಲ್ಲಿ ಮುಗಿದಾಗ ತಪಾಸಣೆ ಮಾಡಿಸಿ ಇನ್ನೈದು ವರ್ಷಕ್ಕೆ ನವೀಕರಿಸಿದೆವು. ನೋಟುಪುಸ್ತಕದ ಆಸರೆಯಿಂದ ಆ ಐದು ವರ್ಷವೂ ಅದು ದಾರಿಯಲ್ಲಿ ಕೈಕೊಡಲಿಲ್ಲ. ೨೦೨೪ರಲ್ಲಿ ಅದನ್ನು ಎತ್ತಿ ನೋಡಿದ ಮೆಕ್ಯಾನಿಕ್ ಹಿಂದಿನ ಸಸ್ಪೆನ್ಷನ್ ಕೂತಿದ್ದ ಜಾಗಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದನು. ಅದು ತಗಡಿನೊಳಕ್ಕೆ ಇಳಿದುಹೋಯಿತು. ಅಂದು ಎಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು, ಬಣ್ಣ ಹೊಳೆಯುತ್ತಿತ್ತು, ಕಿಟಕಿ ಸದ್ದು ಮಾಡುತ್ತಿರಲಿಲ್ಲ. ಆದರೂ ಕಾರನ್ನು ಮತ್ತೊಬ್ಬರಿಗೆ ಮಾರದೆ ಗುಜರಿಗೆ ಕೊಟ್ಟೆವು.

ವಾಚಕರ ಮನೆಯಲ್ಲಿ ಹಳೆಯ ಕಾರಿದ್ದರೆ ಅದರ ಬ್ರೇಕ್ ಆಯಿಲನ್ನು ಕೊನೆಯ ಸಲ ಬದಲಾಯಿಸಿದ್ದು ಯಾವ ವರ್ಷವೆಂದು ಇಂದೇ ಕೇಳಿಕೊಳ್ಳಲಿ. ನೆನಪಿಗೆ ಬಾರದಿದ್ದರೆ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲು ಮಾಡಿಸಬೇಕಾದ ರಿಪೇರಿ ಅದೇ.