ತೊಟ್ಟಿಲಿಗೆ ಟ್ರಂಕಿನ ಸೀರೆಯೇ? ನುಸಿಗುಳಿಗೆ ನೋಡಿಕೊಳ್ಳಿ

ಬಾಣಂತನಕ್ಕೆಂದು ಅಜ್ಜಿಯ ಟ್ರಂಕಿನಿಂದ ಹಳೇ ಹತ್ತಿ ಸೀರೆ ತೆಗೆಯುವುದು ನಮ್ಮ ಮನೆಗಳ ರೂಢಿ. ಮಗುವಿನ ಮೈಗೆ ಅದಕ್ಕಿಂತ ಹಿತವಾದ ಬಟ್ಟೆ ಇಲ್ಲ, ಒಪ್ಪೋಣ. ಆದರೆ ಮಡಿಕೆಯಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಹಾಗೇ ಸುತ್ತಬೇಡಿ.

ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುತ್ತದೆ. ಯಕೃತ್ತಿನಲ್ಲಿ ಅದು ನ್ಯಾಫ್ತಾಲ್, ನ್ಯಾಫ್ತೋಕ್ವಿನೋನ್‌ಗಳಾಗಿ ಬದಲಾಗಿ ಕೆಂಪು ರಕ್ತಕಣಗಳ ಮೇಲೆ ಉತ್ಕರ್ಷಣದ ಒತ್ತಡ ಹೇರುತ್ತದೆ. ಕಣವನ್ನು ಕಾಯುವುದು ಗ್ಲುಟಾಥಯೋನ್. ಖರ್ಚಾದ ಗ್ಲುಟಾಥಯೋನ್ ಮತ್ತೆ ಸಿದ್ಧವಾಗಲು ಜಿ6ಪಿಡಿ ಎಂಬ ಕಿಣ್ವ ಬೇಕು. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ ಇದ್ದವರಲ್ಲಿ ಕಣಗಳು ಒಡೆಯತೊಡಗುತ್ತವೆ. ಎಕ್ಸ್ ವರ್ಣತಂತುವಿನಲ್ಲಿ ಬರುವ ಕೊರತೆಯಾದ್ದರಿಂದ ಗಂಡುಮಕ್ಕಳಲ್ಲೇ ಹೆಚ್ಚು.

ಮೊದಲ ಕೆಲಸ: ಹೆರಿಗೆಗೆ ಕೆಲವು ವಾರ ಮುಂಚೆಯೇ ಟ್ರಂಕು ಖಾಲಿ ಮಾಡಿ. ನ್ಯಾಫ್ತಲೀನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಗಾಳಿಗೆ ಮಾತ್ರ ಆವಿಯಾಗುತ್ತದೆ. ಹಾಗಾಗಿ ಒಗೆದರಷ್ಟೇ ಸಾಲದು. ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲು–ಗಾಳಿಗೆ ಹರವಿ. ಅನುಮಾನವಿದ್ದರೆ ಆ ಬಟ್ಟೆಯೇ ಬೇಡ. ಎಣ್ಣೆ ಹಚ್ಚಿ ನೀರು ಹಾಕುವ ಮನೆಯವರು ಇನ್ನೂ ಜಾಗ್ರತೆ ವಹಿಸಬೇಕು: ನ್ಯಾಫ್ತಲೀನ್ ಎಣ್ಣೆಯಲ್ಲಿ ಸುಲಭವಾಗಿ ಕರಗುವುದರಿಂದ ಎಣ್ಣೆ ಮೆತ್ತಿದ ಚರ್ಮ ಅದನ್ನು ಬೇಗ ಹೀರುತ್ತದೆ.

ಬಟ್ಟೆ ಕಾಪಾಡಲು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಬದಲಿಗೆ ಕರ್ಪೂರ ಇಡುತ್ತೇನೆ ಎನ್ನಬೇಡಿ, ಮಗು ಬಾಯಿಗೆ ಹಾಕಿಕೊಂಡರೆ ಅದೂ ವಿಷವೇ. ಎಳೆಗೂಸಿನ ಕೈಗೆ ಮದರಂಗಿಯೂ ಬೇಡ. ಅದರ ಬಣ್ಣವಾದ ಲಾಸೋನ್ ನ್ಯಾಫ್ತೋಕ್ವಿನೋನ್ ಕುಟುಂಬದ್ದು.

ಕಣ್ಣು–ಮೈ ಹಳದಿಯಾಗುವುದು, ಮಗು ಬಿಳಿಚಿಕೊಳ್ಳುವುದು, ಹಾಲು ಕುಡಿಯದೆ ಮಂಕಾಗುವುದು, ಹಾಲು ಹಾಕದ ಚಹಾದಂಥ ಮೂತ್ರ – ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ವಿಪರೀತ ಏರಿದರೆ ನವಜಾತ ಶಿಶುವಿನ ಮೆದುಳಿಗೇ ಪೆಟ್ಟು. ಬಟ್ಟೆಯಲ್ಲಿ ಗುಳಿಗೆ ಇತ್ತೆಂದು ವೈದ್ಯರಿಗೆ ನೀವೇ ಹೇಳಿ.

ತೆವಳುವ ಮಗು ಗುಳಿಗೆ ನುಂಗಿತೆಂದರೆ ವಾಂತಿ ಮಾಡಿಸಬೇಡಿ, ಹಾಲು–ತುಪ್ಪ ಕೊಡಬೇಡಿ. ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಹೊರಡಿ. ಪರಿಣಾಮ ಒಂದೆರಡು ದಿನ ತಡವಾಗಿ ಕಾಣಬಹುದಾದ್ದರಿಂದ ಆಟವಾಡುತ್ತಿದೆ ಎಂದು ಸುಮ್ಮನಿರಬೇಡಿ.

ಜಿ6ಪಿಡಿ ರಕ್ತಪರೀಕ್ಷೆಯನ್ನು ಹೆರಿಗೆಯಾದ ಆಸ್ಪತ್ರೆಯಲ್ಲೇ ಕೇಳಿ. ಕಣಗಳು ಒಡೆದ ಹೊಸತರಲ್ಲಿ ಪರೀಕ್ಷೆ ಸರಿಯಾಗಿದೆ ಎಂದು ಬರಬಹುದು, ಏಕೆಂದರೆ ಕಿಣ್ವ ಕಡಿಮೆಯಾದ ಹಳೆ ಕಣಗಳು ಆಗಲೇ ನಾಶವಾಗಿರುತ್ತವೆ. ಸುಮಾರು 3 ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಕೊರತೆ ಖಚಿತವಾದರೆ ತಾಯಿ ಕಾರ್ಡಿನ ಮೇಲೆ ಬರೆಸಿಡಿ. ಮುಂದೆ ಮಲೇರಿಯಾಕ್ಕೆ ಪ್ರೈಮಾಕ್ವಿನ್, ಕುಷ್ಠಕ್ಕೆ ಡ್ಯಾಪ್ಸೋನ್ ಬರೆಯುವ ಮುನ್ನ ವೈದ್ಯರಿಗೆ ಅದು ತಿಳಿದಿರಬೇಕು.