ಸಿಮೆಂಟಿನ ಧೂಳು ಹೊಲಕ್ಕೆ ಗೊಬ್ಬರವಾದೀತೇ?

ಸಿಮೆಂಟು ಕಾರಖಾನೆಯೊಂದರ ಮಗ್ಗುಲಲ್ಲಿ ಹೊಲವುಳ್ಳ ನೆಂಟರೊಬ್ಬರು ಮೊನ್ನೆ ಬಂದಾಗ ಕೇಳಿದರು: "ಮಾಸ್ತರ, ತೊಗರಿ ಎಲಿ ಮ್ಯಾಲ ಬೂದಿ ಬಳದಂಗ ಧೂಳು ಕೂಡತದ. ಅದು ಸುಣ್ಣನೇ ಅಲ್ಲೇನ್ರಿ, ಹೊಲಕ್ಕ ಗೊಬ್ಬರ ಆಗತದ ಅಂತಾರ. ಖರೇನ?"

ವಾಡಿ, ಮಳಖೇಡ, ತಾಂಡೂರು ಸೀಮೆಯೆಲ್ಲ ಸುಣ್ಣಗಲ್ಲಿನ ನೆಲ. ತೊಗರಿಯ ನೆಲವೂ ಅದೇ. ವಾಡಿಯ ಕಾರಖಾನೆ 1968ರಷ್ಟು ಹಳೆಯದು. ಆದ್ದರಿಂದ ಪ್ರಶ್ನೆ ಅವರೊಬ್ಬರದಲ್ಲ.

ಮೊದಲು ಸಿಮೆಂಟು ಹೇಗಾಗುತ್ತದೆಂಬುದನ್ನು ತಿಳಿಯೋಣ. ಮನೆಯಲ್ಲಿ ಬಿದ್ದಿರುವ ಶಹಾಬಾದ ಫರಸಿಯ ತುಂಡನ್ನು ಕೆರೆದು, ಆ ಪುಡಿಗೆ ನಿಂಬೆರಸ ಹಿಂಡಿರಿ. ನೊರೆ ಏಳುತ್ತದೆ. (ನನ್ನ ಶಾಲೆಯ ಮಕ್ಕಳಿಗೆ ಇದು ಬಲು ಮೆಚ್ಚಿನ ಪಾಠ.) ಕಲ್ಲಿನಲ್ಲಿ ಸೆರೆಯಾಗಿದ್ದ ಇಂಗಾಲಾಮ್ಲ ವಾಯು ಹೊರಬೀಳುವ ನೊರೆಯದು, ಈಗಿನ ಪಠ್ಯದಲ್ಲಿ ಕಾರ್ಬನ್ ಡೈಆಕ್ಸೈಡ್ ಎನ್ನುತ್ತಾರೆ. ಕಾರಖಾನೆಯಲ್ಲಿ ಈ ವಾಯುವನ್ನು ಬೆಂಕಿ ಹೊರಡಿಸುತ್ತದೆ. 100 ಕಿಲೋ ಶುದ್ಧ ಸುಣ್ಣಗಲ್ಲು ಬೆಂದರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ವಾಯು ಗಾಳಿಗೆ ಹೋಗುತ್ತದೆ. ಆ ಸುಣ್ಣವು ಜೇಡಿಮಣ್ಣಿನೊಡನೆ ಸುಮಾರು 1450 ಡಿಗ್ರಿ ಶಾಖದಲ್ಲಿ ಕೂಡಿ ಕ್ಲಿಂಕರ್ ಎಂಬ ಗಟ್ಟಿ ಉಂಡೆಯಾಗುತ್ತದೆ. ಸ್ವಲ್ಪ ಜಿಪ್ಸಮ್ ಸೇರಿಸಿ ಅದನ್ನು ಬೀಸಿದರೆ ಸಿಮೆಂಟು. 50 ಕಿಲೋ ಚೀಲವೊಂದಕ್ಕೆ ಕಲ್ಲಿನಿಂದಲೇ ಸುಮಾರು 25 ಕಿಲೋ ವಾಯು. ಕಲ್ಲಿದ್ದಲಿನ ಹೊಗೆ ಬೇರೆ. ಉರುವಲು ಬದಲಿಸಿದರೂ ಕಲ್ಲಿನ ಪಾಲು ತಪ್ಪದು. ಮನುಷ್ಯರು ಗಾಳಿಗೆ ಬಿಡುವ ಈ ವಾಯುವಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದೇ.

ವಾಯು ಕಣ್ಣಿಗೆ ಕಾಣದು, ಧೂಳು ಕಾಣುತ್ತದೆ. ಇಬ್ಬನಿಯಲ್ಲಿ ನೆನೆದು ಎಲೆಯ ಮೇಲೆ ಹೊಪ್ಪಳೆಗಟ್ಟುತ್ತದೆ. ಎಲೆ ಉಸಿರಾಡುವ ರಂಧ್ರಗಳು ಮುಚ್ಚುತ್ತವೆ, ಬೆಳಕೂ ತಾಗದು, ಗಿಡ ಸೊರಗುತ್ತದೆ.

ಇನ್ನು ಗೊಬ್ಬರದ ಮಾತು. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಹಾಕುವುದುಂಟು, ಅಲ್ಲಿ ಅದು ಔಷಧ. ನಮ್ಮ ಎರೆಭೂಮಿ ಮೊದಲೇ ಕ್ಷಾರದ್ದು. ನೇಗಿಲಿಗೆ ಸುಣ್ಣದ ಹರಳು ಸಿಕ್ಕುವುದನ್ನು ಯಾರು ಕಂಡಿಲ್ಲ? ಅದಕ್ಕೆ ಮತ್ತೆ ಸುಣ್ಣ ಬಿದ್ದರೆ ಸತು, ಕಬ್ಬಿಣ, ರಂಜಕ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕವು. ಚೌಳು ನೆಲಕ್ಕೆ ಹಾಕುವುದು ಜಿಪ್ಸಮ್; ಅದೂ ಇದೂ ಒಂದೆಂದು ತಿಳಿಯಬಾರದು.

ನೆಂಟರಿಗೆ ಹೇಳಿದ್ದಿಷ್ಟು: ಧೂಳು ಬೀಳುವ ಹೊಲದ ಮಣ್ಣನ್ನೂ ದೂರದ ಹೊಲದ ಮಣ್ಣನ್ನೂ ಆರಿಂಚು ಆಳದಿಂದ ಬೇರೆಬೇರೆ ತೆಗೆದು ಪರೀಕ್ಷೆಗೆ ಕೊಡಿರಿ. ಧೂಳು ಬಿದ್ದ ದಿನಗಳನ್ನು ಬರೆದಿಡಿರಿ. ಧೂಳು ಹಿಡಿಯುವ ಯಂತ್ರ ಸರಿಯಾಗಿ ನಡೆದರೆ ಬಹುಪಾಲು ಒಳಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಆ ಪಟ್ಟಿಯೊಡನೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿರಿ.

ಸಿಮೆಂಟೇ ಬೇಡವೆನ್ನಲಾಗದು, ನಮ್ಮ ಬಾವಿಕಟ್ಟೆಗೂ ಬೇಕು. ಆದರೆ ಕ್ಲಿಂಕರ್ ಕಡಿಮೆ ಮಾಡುವ ದಾರಿಯಿದೆ. ನದಿಯಾಚೆ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ಬೂದಿಯಾಗುತ್ತಿದೆಯಲ್ಲ, ಅಂಥ ಹಾರುಬೂದಿಯನ್ನು ಸಿಮೆಂಟಿಗೆ ಶೇಕಡಾ 35ರವರೆಗೆ ಬೆರೆಸಲು ಅಪ್ಪಣೆಯುಂಟು. ಚೀಲದ ಮೇಲೆ ಪಿ.ಪಿ.ಸಿ. ಎಂದಿರುವುದು ಹೆಚ್ಚಾಗಿ ಇದೇ. ಇದು ಮೆಲ್ಲಗೆ ಬಲಿಯುತ್ತದೆ. ಕಟ್ಟಿದ ಮೇಲೆ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ನೀರು ಹೊಡೆಯಬೇಕು.