ಗೋಡೆಗೊಂದು ಕೌದಿ

ಯವ್ವಾ, ಹೋದ ವರ್ಷ ಟೊರಾಂಟೊದಲ್ಲಿ ನಿಮ್ಮ ಮನೆಗೆ ಬಂದಾಗ ಹೊರಗೂ ಬಿಳಿ, ಒಳಗೂ ಬಿಳಿ. ಡಿಸೆಂಬರಿನ ಅತಿ ಗಿಡ್ಡ ದಿನ ಅಲ್ಲಿ ಹಗಲು ಅನ್ನುವುದು 9 ತಾಸು ಕೂಡ ಇಲ್ಲ, ಐದು ಬಡಿಯುವ ಮೊದಲೇ ಕತ್ತಲು. ನಮ್ಮ ಧಾರವಾಡದಲ್ಲಿ ಅದೇ ದಿನ 11 ತಾಸು ಬೆಳಕಿರುತ್ತದೆ. ಊಟದ ಮೇಜಿನ ಎದುರಿನ ಗೋಡೆಗೆ ಕೌದಿ ಹೊಲಿಯುತ್ತೇನೆ ಅಂದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತೀಯ. ಅದಕ್ಕೆ ಬರೆದಿದ್ದೇನೆ.

• ಹೊದೆಯುವ ಕೌದಿಯಷ್ಟು ದೊಡ್ಡದು ಬೇಡ. 3 ಅಡಿ ಅಗಲ, 4 ಅಡಿ ಉದ್ದ ಸಾಕು. 4 ಇಂಚಿನ ಚೌಕವಾದರೆ ಅಡ್ಡ 9, ಉದ್ದ 12, ಒಟ್ಟು 108. ಕತ್ತರಿಸುವುದು ಮಾತ್ರ ನಾಲ್ಕೂವರೆ ಇಂಚಿಗೆ, ಸುತ್ತಲೂ ಕಾಲಿಂಚು ಹೊಲಿಗೆಯೊಳಗೆ ಹೋಗುತ್ತದೆ. ಇದನ್ನು ಮರೆತರೆ ಕೌದಿ ಅರ್ಧ ಅಡಿ ಗಿಡ್ಡ.

• ಕಳಿಸಿದ ಗಂಟಿನಲ್ಲಿ ಗುಳೇದಗುಡ್ಡದ ಖಣ ಹನ್ನೊಂದಿವೆ. ಎಲ್ಲ ಉಡಿ ತುಂಬಿದವು. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಮಲಗಿದ್ದವು, ಇನ್ನು ಕುಪ್ಪಸ ಹೊಲಿಸಿ ಯಾರು ತೊಡಬೇಕು? ಕತ್ತರಿ ಹಾಕಲು ಕೈ ನಡುಗಬಾರದು. ಜೊತೆಗಿರುವ ಇಳಕಲ್ ಸೀರೆಯ ಒಡಲು ಹತ್ತಿಯದು, ಬಳಸು. ಸೆರಗು ರೇಷ್ಮೆ, ಅದನ್ನು ತೆಗೆದಿಡು. ನೈಲೆಕ್ಸ್ ಸೇರಿಸಲೇಬೇಡ, ಸೂಜಿಯಡಿ ಜಾರುತ್ತದೆ, ಇಸ್ತ್ರಿ ತಾಕಿದರೆ ಮುರುಟುತ್ತದೆ.

• ಕೆಂಪನ್ನು ನಂಬಬೇಡ. ಬಿಳಿ ಅರಿವೆ ತೋಯಿಸಿ ಒಂದೊಂದು ಖಣದ ಮೇಲೂ ಉಜ್ಜಿ ನೋಡು. ಬಣ್ಣ ಹತ್ತಿದರೆ ಬೇರೆಯಾಗಿ ತೊಳೆ, ನೀರು ತಿಳಿಯಾಗುವವರೆಗೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವವರ ಮಾತು ಕೇಳಿ ತಂಗಿಯ ಮಗುವಿಗೆ ತೊಟ್ಟಿಲ ಕೌದಿ ಹೊಲಿದಿದ್ದೆ. ಮೊದಲ ಒಗೆತಕ್ಕೇ ಬಿಳಿ ಚೌಕವೆಲ್ಲ ಗುಲಾಬಿ. ಮೊದಲಿಂದಲೂ ಹಾಗೇ ಇತ್ತು ಅಂತ ಸುಳ್ಳು ಹೇಳಿದೆ.

• ಬಣ್ಣ ಹೊಂದಿಸುವುದಕ್ಕೆ ನಾಲ್ಕು ದಿನ ತಗೊಂಡರೂ ಚಿಂತೆಯಿಲ್ಲ. ಆದರೆ ಹಗಲಲ್ಲಿ ಮಾಡು, ದೀಪದ ಬೆಳಕಿಗೆ ಕಡುನೀಲಿ, ಕಪ್ಪು, ಕಡುಹಸಿರು ಒಂದೇ ಕಾಣುತ್ತವೆ. ಹೊಸಬರು ಹೊಳೆಯುವ ಬಣ್ಣಗಳನ್ನೇ ಪಕ್ಕಪಕ್ಕ ಇಡುತ್ತಾರೆ: ಅರಿಶಿನದ ಪಕ್ಕ ಕಿತ್ತಳೆ, ಅದರ ಪಕ್ಕ ಗುಲಾಬಿ. ಆಗ ಜಾತ್ರೆಯಲ್ಲಿ ಎಲ್ಲರೂ ಕೂಗಿದ ಹಾಗೆ, ಒಂದೂ ಕೇಳಿಸುವುದಿಲ್ಲ. ಮೂರರಲ್ಲಿ ಒಂದು ಪಾಲು ಕಡುಬಣ್ಣ ಇರಲಿ, ಇಳಕಲ್ಲಿನ ಕಡುನೀಲಿ ಒಡಲು ಅದಕ್ಕೇ ಇದೆ. ಅದರ ನಡುವೆ ಒಂದು ಅರಿಶಿನದ ತುಂಡು ಇಟ್ಟು ನೋಡು, ದೀಪ ಹಚ್ಚಿದಂತಾಗುತ್ತದೆ. ಎಲ್ಲವನ್ನೂ ನೆಲಕ್ಕೆ ಹರಡಿ, ಕುರ್ಚಿ ಹತ್ತಿ ಮೇಲಿಂದ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆ. ಪೂರ್ತಿ ಬೂದಿಬಣ್ಣ ಬಂದರೆ ಕಡುಬಣ್ಣ ಸಾಲದು ಅಂತ ತಿಳಿ. ಈ ಉಪಾಯ ನಿನ್ನ ತಮ್ಮ ಕಲಿಸಿದ್ದು, ನನ್ನದಲ್ಲ.

• ಚೌಕ ಅಳೆಯಲು ಬೇಸರವಾದರೆ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ದಾರಿ ಹಿಡಿ. ಅವರು ಅಂಚಿನ ಮೂಲೆಯಿಂದ ತೇಪೆ ಇಡುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಚಿದ ತ್ರಿಕೋನಗಳ ‘ಫೂಲ’ ಇಡುತ್ತಾರೆ. ಚೌಕದ ಕೌದಿಗೂ ನಾಲ್ಕು ಮೂಲೆಗೆ ಫೂಲ ಒಪ್ಪುತ್ತದೆ.

• ನಡುವೆ ಹಳೆಯ ಹತ್ತಿ ಚಾದರ ಒಂದು ಪದರು ಸಾಕು, ದಪ್ಪವಾದರೆ ಗೋಡೆಯ ಮೇಲೆ ಜೋತು ಬೀಳುತ್ತದೆ. ಹಿಂಬದಿಗೆ ಅಜ್ಜನ ಧೋತರ. ಬಿಳಿಯ ಜಾಗ ಅಲ್ಲೇ. ಇವೆರಡೂ ಸುತ್ತ 2 ಇಂಚು ಹೆಚ್ಚಿರಲಿ. ನಡುವಿನಿಂದ ಅಂಚಿಗೆ ಕಚ್ಚಾ ಹೊಲಿಗೆ ಹಾಕು. ಅಂಚಿನಿಂದ ಶುರುಮಾಡಿದರೆ ನಡುವೆ ಬಟ್ಟೆ ಉಬ್ಬಿ ಕೂರುತ್ತದೆ.

• ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಮೇಣದಬತ್ತಿಗೆ ಒಮ್ಮೆ ಎಳೆದುಕೋ, ಗಂಟು ಬೀಳುವುದಿಲ್ಲ. ಅಂಗುಸ್ತಾನ ಹಾಕಿಕೋ. ಹೊಲಿಗೆ ಸೊಟ್ಟ ಬಂತೆಂದು ಬಿಚ್ಚುತ್ತ ಕೂರಬೇಡ.

• ನಮ್ಮವ್ವ ಕೊನೆಯ ತೇಪೆಯ ಕೆಳಗೆ ರೊಟ್ಟಿಯ ಚೂರು ಇಡುತ್ತಿದ್ದಳು, ಕೌದಿಯ ಹೊಟ್ಟೆ ತುಂಬಿರಲಿ ಅಂತ. ನಿನ್ನ ಗೋಡೆಗೆ ರೊಟ್ಟಿ ಬೇಡ, ಹುಳ ಬೀಳುತ್ತದೆ. ಅವಳ ಹೆಸರು ದಾರದಲ್ಲಿ ಹೊಲಿ, ಸಾಕು.

• ತೂಗುಹಾಕಲು ಮೂಲೆಗೆ ಮೊಳೆ ಹೊಡೆದರೆ ನಡುವೆ ಇಳಿಬೀಳುತ್ತದೆ. ಲಂಗಕ್ಕೆ ಲಾಡಿ ಪೋಣಿಸುವ ಪಟ್ಟಿಯಂತೆ, ಹಿಂಬದಿಯ ಮೇಲಂಚಿಗೆ 4 ಇಂಚಿನ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಕೋಲು ತೂರಿಸು. ಕಿಟಕಿಯ ಬಿಸಿಲು ನೇರ ಬೀಳಬಾರದು, ಬಣ್ಣ ಮಾಸುತ್ತದೆ. ಹೀಟರಿನ ಮೇಲೂ ಬೇಡ.

• ತೂಗಿದ ಮೇಲೆ ಹಗಲಲ್ಲಿ ಫೋಟೋ ತೆಗೆದು ಕಳಿಸು. ಹಿಂಬದಿಯದೂ ಒಂದು ಇರಲಿ, ಹೊಲಿಗೆ ನೋಡಬೇಕು.